ಯೂರಿಯಾ ಚೀಲದ ಇಂಗಾಲದ ಲೆಕ್ಕ: ಕಾರ್ಖಾನೆಯ ವರದಿ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ಮುಗಿಯುತ್ತಿದ್ದಂತೆ ಪ್ರತಿ ಊರಿನ ಸಹಕಾರ ಸಂಘದ ಮುಂದೆ ಯೂರಿಯಾ ಚೀಲಕ್ಕಾಗಿ ಸಾಲು ನಿಲ್ಲುತ್ತದೆ. ಆ ದಿನಗಳಲ್ಲಿ ಸದಸ್ಯರನ್ನು ಮತದಾರರು ಕೇಳುವ ಪ್ರಶ್ನೆ ಒಂದೇ: ಗೊಬ್ಬರ ಬಂತೇ, ಇಲ್ಲವೇ? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಅದರ ಜೊತೆಗೆ ಮತ್ತೊಂದು ಪ್ರಶ್ನೆಯನ್ನೂ ಪಂಚಾಯತಿಯ ಸಭೆಯಲ್ಲಿ ಎತ್ತಬೇಕಾದ ಕಾಲ ಬಂದಿದೆ. ಆ ಚೀಲ ಊರಿಗೆ ಬರುವ ಮೊದಲು ಗಾಳಿಗೆ ಎಷ್ಟು ಇಂಗಾಲವನ್ನು ಸೇರಿಸಿತು, ಗದ್ದೆಗೆ ಬಿದ್ದ ಮೇಲೆ ಎಷ್ಟನ್ನು ಸೇರಿಸುತ್ತದೆ, ಮತ್ತು ಇವೆರಡರ ಲೆಕ್ಕವನ್ನು ಯಾರು ಬರೆಯುತ್ತಾರೆ? ಮೊದಲ ಭಾಗದ ಲೆಕ್ಕವನ್ನು ಇಂದು ಕಾರ್ಖಾನೆಗಳು ಬರೆಯುತ್ತಿವೆ. ಎರಡನೆಯ ಭಾಗದ ಲೆಕ್ಕಕ್ಕೆ ಊರಿನಲ್ಲಿ ಪುಸ್ತಕವೇ ಇಲ್ಲ. ಈ ಉಪನ್ಯಾಸದ ಸಾರಾಂಶ ಇಷ್ಟೇ.

ಗೊಬ್ಬರ ಕಾರ್ಖಾನೆ ಮಂಡ್ಯ ಜಿಲ್ಲೆಗೆ ಅಪರಿಚಿತವಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿ ಸ್ವಾತಂತ್ರ್ಯಪೂರ್ವದಲ್ಲಿಯೇ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯು ಅಮೋನಿಯಾ ತಯಾರಿಸುತ್ತಿತ್ತು. ದೇಶದಲ್ಲಿ ಈ ಕೆಲಸ ಮಾಡಿದ ಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಇಂದು ಕರ್ನಾಟಕದಲ್ಲಿ ಯೂರಿಯಾ ತಯಾರಾಗುವುದು ಮಂಗಳೂರಿನ ಪಣಂಬೂರಿನಲ್ಲಿ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಸಂಸ್ಥೆ ಕಟ್ಟಿದ ಆ ಕಾರ್ಖಾನೆ 1976ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಯೂರಿಯಾ ಸಾಮರ್ಥ್ಯ ವರ್ಷಕ್ಕೆ ಸುಮಾರು 3.8 ಲಕ್ಷ ಟನ್. ಜಿಲ್ಲೆಗೆ ಬರುವ ಎಲ್ಲ ಚೀಲಗಳೂ ಅಲ್ಲಿಂದಲೇ ಬರುವುದಿಲ್ಲ. ಹೊರರಾಜ್ಯದ ಮತ್ತು ಹೊರದೇಶದ ಸರಕೂ ಬರುತ್ತದೆ. 2022ರ ಅಕ್ಟೋಬರ್‌ನಿಂದ ಎಲ್ಲ ಚೀಲಗಳ ಮೇಲೂ ‘ಭಾರತ್’ ಎಂಬ ಒಂದೇ ಹೆಸರು ದೊಡ್ಡದಾಗಿರುವುದರಿಂದ ತಯಾರಕರು ಯಾರೆಂದು ತಿಳಿಯಲು ಸಣ್ಣ ಅಕ್ಷರಗಳನ್ನು ಓದಬೇಕು.

ಕಾರ್ಖಾನೆಯೊಳಗೆ ನಡೆಯುವುದೇನು

ಯೂರಿಯಾ ತಯಾರಿಕೆಗೆ ಎರಡು ವಸ್ತುಗಳು ಬೇಕು: ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್. ಗಾಳಿಯಲ್ಲಿರುವ ಸಾರಜನಕವನ್ನು ಜಲಜನಕದೊಡನೆ ಅಧಿಕ ಒತ್ತಡ ಮತ್ತು ಶಾಖದಲ್ಲಿ ಕೂಡಿಸಿದರೆ ಅಮೋನಿಯಾ ಆಗುತ್ತದೆ. ಗಾಳಿ ಉಚಿತವಾಗಿ ಸಿಗುತ್ತದೆ, ಜಲಜನಕ ಸಿಗುವುದಿಲ್ಲ. ಅದನ್ನು ನೈಸರ್ಗಿಕ ಅನಿಲ ಅಥವಾ ನಾಫ್ತಾದಂತಹ ಇಂಧನವನ್ನು ಹಬೆಯೊಡನೆ ಒಡೆದು ಪಡೆಯಬೇಕು. ಹೀಗೆ ಒಡೆದಾಗ ಜಲಜನಕ ಒಂದು ಕಡೆಗೆ ಬಂದರೆ, ಇಂಧನದಲ್ಲಿದ್ದ ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗಿ ಮತ್ತೊಂದು ಕಡೆಗೆ ಬರುತ್ತದೆ. ಈ ಅನಿಲದ ಒಂದು ಭಾಗವನ್ನು ಅಮೋನಿಯಾದೊಡನೆ ಸೇರಿಸಿ ಯೂರಿಯಾ ಮಾಡಲಾಗುತ್ತದೆ. ಕುಲುಮೆ ಮತ್ತು ಬಾಯ್ಲರ್‌ಗಳಲ್ಲಿ ಉರಿಸಿದ ಇಂಧನದಿಂದ ಹುಟ್ಟಿದ ಅನಿಲವು ಚಿಮಣಿಯ ಮೂಲಕ ಹೊರಹೋಗುತ್ತದೆ.

ಪಣಂಬೂರಿನ ಕಾರ್ಖಾನೆ ಹಲವು ದಶಕಗಳ ಕಾಲ ನಾಫ್ತಾವನ್ನೇ ಅವಲಂಬಿಸಿತ್ತು. ನೈಸರ್ಗಿಕ ಅನಿಲಕ್ಕೆ ಹೋಲಿಸಿದರೆ ನಾಫ್ತಾದಲ್ಲಿ ಜಲಜನಕದ ಪಾಲು ಕಡಿಮೆ, ಇಂಗಾಲದ ಪಾಲು ಹೆಚ್ಚು. ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗವು 2021ರ ಜನವರಿ 5ರಂದು ಲೋಕಾರ್ಪಣೆಗೊಂಡಿತು. ಆ ಮಾರ್ಗದ ಅನಿಲ ಬಂದ ಮೇಲೆ ಕಾರ್ಖಾನೆಯ ಕಚ್ಚಾವಸ್ತು ಬದಲಾಯಿತು. ಒಂದೇ ತೂಕದ ಅಮೋನಿಯಾಕ್ಕೆ ಕಡಿಮೆ ಇಂಗಾಲ ಸಾಕಾಗುವಂತೆ ಮಾಡುವ ಬದಲಾವಣೆ ಇದು. ಇಂತಹ ಬದಲಾವಣೆಯಿಂದ ಎಷ್ಟು ಉಳಿತಾಯವಾಯಿತೆಂದು ಹೊರಗಿನವರು ಅಳೆಯಲು ಇರುವ ದಾರಿಯೇ ವಾರ್ಷಿಕ ವರದಿ.

ವರದಿ ಕೊಡಬೇಕೆಂಬ ನಿಯಮ

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2021ರ ಮೇ ತಿಂಗಳಲ್ಲಿ ‘ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ’ಯ ನಮೂನೆಯನ್ನು ಹೊರಡಿಸಿತು. ಇದನ್ನು ಬಿ.ಆರ್.ಎಸ್.ಆರ್. ಎಂದು ಕರೆಯುವುದು ವಾಡಿಕೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಸಂಸ್ಥೆಗಳಿಗೆ 2022–23ನೇ ಸಾಲಿನಿಂದ ಇದು ಕಡ್ಡಾಯವಾಯಿತು. ವರದಿಯಲ್ಲಿ ಒಂಬತ್ತು ತತ್ವಗಳಿದ್ದು, ಆರನೆಯದು ಪರಿಸರಕ್ಕೆ ಸಂಬಂಧಿಸಿದ್ದು. ಅನಿಲ ಹೊರಸೂಸುವಿಕೆಯ ಕೋಷ್ಟಕ ಅಲ್ಲಿಯೇ ಇರುತ್ತದೆ. ಈ ವರದಿಗಳು ಸಾರ್ವಜನಿಕ ದಾಖಲೆಗಳು. ಅವುಗಳನ್ನು ಓದಲು ಯಾರ ಅನುಮತಿಯೂ ಬೇಕಿಲ್ಲ. ಇಂಧನ ಬಳಕೆ ತಗ್ಗಿಸಲು ಕೇಂದ್ರ ಸರ್ಕಾರ 2012ರಲ್ಲಿ ಆರಂಭಿಸಿದ ‘ಪ್ಯಾಟ್’ ಯೋಜನೆಯ ಮೊದಲ ಎಂಟು ಕೈಗಾರಿಕಾ ವಲಯಗಳಲ್ಲಿಯೂ ರಸಗೊಬ್ಬರ ವಲಯ ಸೇರಿತ್ತು. ಹೀಗಾಗಿ ಲೆಕ್ಕವಿಡುವುದು ಈ ಉದ್ಯಮಕ್ಕೆ ಹೊಸದಲ್ಲ. ಲೆಕ್ಕವನ್ನು ಜನರ ಮುಂದಿಡುವುದು ಮಾತ್ರ ಹೊಸದು.

ವರದಿಯು ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ಪಂಚಾಯತಿಯ ಕಚೇರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಪಂಚಾಯತಿಯ ಕಸದ ವಾಹನ ಉರಿಸುವ ಡೀಸೆಲ್‌ನಿಂದ ಹೊರಬರುವ ಹೊಗೆ ಪಂಚಾಯತಿಯ ಒಂದನೇ ವ್ಯಾಪ್ತಿ. ಬೀದಿ ದೀಪ ಮತ್ತು ಕುಡಿಯುವ ನೀರಿನ ಪಂಪ್‌ಸೆಟ್‌ಗಳಿಗಾಗಿ ಸೆಸ್ಕ್‌ನಿಂದ ಕೊಂಡ ವಿದ್ಯುತ್ತನ್ನು ಉತ್ಪಾದಿಸುವಾಗ ಬೇರೆಡೆ ಉರಿದ ಕಲ್ಲಿದ್ದಲಿನ ಪಾಲು ಎರಡನೇ ವ್ಯಾಪ್ತಿ. ಪಂಚಾಯತಿ ಕೊಂಡ ಸಿಮೆಂಟನ್ನು ತಯಾರಿಸುವಾಗ ಮತ್ತು ಗುತ್ತಿಗೆದಾರನ ಲಾರಿ ಓಡುವಾಗ ಆಗುವುದು ಮೂರನೇ ವ್ಯಾಪ್ತಿ. ಗೊಬ್ಬರ ಕಾರ್ಖಾನೆಗೂ ಹಾಗೆಯೇ. ಚಿಮಣಿಯ ಅನಿಲ ಒಂದನೆಯದು, ಕೊಂಡ ವಿದ್ಯುತ್ತು ಎರಡನೆಯದು; ಕಚ್ಚಾವಸ್ತುವಿನ ಪೂರೈಕೆ, ಸಾಗಣೆ ಹಾಗೂ ಮಾರಿದ ಗೊಬ್ಬರ ಹೊಲದಲ್ಲಿ ಬಳಕೆಯಾಗುವುದು ಮೂರನೆಯದು.

ಸೆಬಿಯ ನಮೂನೆಯಲ್ಲಿ ಮೊದಲೆರಡು ವ್ಯಾಪ್ತಿಗಳು ‘ಅಗತ್ಯ ಸೂಚಕ’ಗಳ ಕೆಳಗೆ ಬರುತ್ತವೆ, ಉತ್ತರಿಸಲೇಬೇಕು. ಮೂರನೆಯದು ‘ನಾಯಕತ್ವ ಸೂಚಕ’ಗಳ ಕೆಳಗೆ ಬರುತ್ತದೆ, ಅಲ್ಲಿ ಉತ್ತರಿಸುವುದು ಸಂಸ್ಥೆಯ ಇಚ್ಛೆಗೆ ಬಿಟ್ಟದ್ದು. ಮದ್ದೂರು ಮತ್ತು ಮಳವಳ್ಳಿಯ ಗದ್ದೆಗಳಿಗೆ ಸಂಬಂಧಿಸಿದ ಭಾಗವು ಕಡ್ಡಾಯವಲ್ಲದ ಈ ಅಂಕಣದಲ್ಲಿದೆ ಎಂಬುದನ್ನು ಸದಸ್ಯರು ಮುಖ್ಯವಾಗಿ ಗಮನಿಸಬೇಕು.

ಕಾರ್ಖಾನೆಯಲ್ಲಿ ಕಳೆದದ್ದು ಗದ್ದೆಯಲ್ಲಿ ಕೂಡುತ್ತದೆ

ಯೂರಿಯಾದ ತೂಕದಲ್ಲಿ ಶೇ. 46ರಷ್ಟು ಸಾರಜನಕವಿದೆ ಎಂಬುದು ಪ್ರತಿ ರೈತನಿಗೂ ಗೊತ್ತು. ಶೇ. 20ರಷ್ಟು ಇಂಗಾಲವೂ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಒಂದು ಟನ್ ಯೂರಿಯಾ ತಯಾರಿಸುವಾಗ ಸುಮಾರು 0.73 ಟನ್ ಇಂಗಾಲದ ಡೈಆಕ್ಸೈಡ್ ಅದರೊಳಗೆ ಸೇರಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐ.ಪಿ.ಸಿ.ಸಿ.ಯ 2006ರ ಮಾರ್ಗಸೂಚಿಯ ಪ್ರಕಾರ, ದೇಶದ ಲೆಕ್ಕ ಬರೆಯುವಾಗ ಈ ಅನಿಲವನ್ನು ಅಮೋನಿಯಾ ಕಾರ್ಖಾನೆಯ ಲೆಕ್ಕದಿಂದ ಕಳೆದು, ಯೂರಿಯಾ ಬಳಸುವ ಕೃಷಿಯ ಲೆಕ್ಕಕ್ಕೆ ಸೇರಿಸಬೇಕು. ಈ ಕ್ರಮದಲ್ಲಿ ತಪ್ಪಿಲ್ಲ. ಯೂರಿಯಾ ಮಣ್ಣಿಗೆ ಬಿದ್ದು ತೇವದೊಡನೆ ಸೇರಿ ಒಡೆದಾಗ, ಕಾರ್ಖಾನೆಯಲ್ಲಿ ಬಂಧಿಯಾಗಿದ್ದ ಅದೇ ಅನಿಲ ಬಿಡುಗಡೆಯಾಗುತ್ತದೆ. ಅನಿಲ ಪಣಂಬೂರಿನಲ್ಲಿ ಹೊರಹೋಗಲಿಲ್ಲ ನಿಜ. ಅದು ಚೀಲದೊಳಗೆ ಪ್ರಯಾಣ ಮಾಡಿ ಮಂಡ್ಯದ ಗದ್ದೆಯಲ್ಲಿ ಹೊರಬಂದಿತು.

45 ಕೆ.ಜಿ.ಯ ಒಂದು ಚೀಲಕ್ಕೆ ಈ ಲೆಕ್ಕ 33 ಕೆ.ಜಿ. ಆಗುತ್ತದೆ. ಆದರೆ ಹೊಲದ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಬೆಳೆ ಹೀರದೆ ಉಳಿದ ಸಾರಜನಕದ ಒಂದು ಸಣ್ಣ ಅಂಶವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನಾಗಿ ಮಾರ್ಪಡಿಸುತ್ತವೆ. ನೂರು ವರ್ಷಗಳ ಅವಧಿಯಲ್ಲಿ ನೋಡಿದರೆ ಇದರ ತಾಪ ಹೆಚ್ಚಿಸುವ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು. 2006ರ ಮಾರ್ಗಸೂಚಿಯ ಸಾಮಾನ್ಯ ಅಂದಾಜಿನಂತೆ, ಕಬ್ಬಿನಂತಹ ಬೆಳೆಗೆ ಹಾಕಿದ ಸಾರಜನಕದಲ್ಲಿ ಶೇ. 1ರಷ್ಟು ಮತ್ತು ನೀರು ನಿಂತ ಭತ್ತದ ಗದ್ದೆಯಲ್ಲಿ ಶೇ. 0.3ರಷ್ಟು ಹೀಗೆ ಅನಿಲವಾಗುತ್ತದೆ. ಅದರಂತೆ ಕಬ್ಬಿಗೆ ಹಾಕಿದ ಒಂದು ಚೀಲದಿಂದ 89 ಕೆ.ಜಿ., ಭತ್ತಕ್ಕೆ ಹಾಕಿದ ಒಂದು ಚೀಲದಿಂದ 27 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ ಬೀಳುತ್ತದೆ. ಮೊದಲಿನ 33 ಕೆ.ಜಿ.ಯನ್ನು ಕೂಡಿಸಿದರೆ ಕಬ್ಬಿನ ಚೀಲಕ್ಕೆ ಒಟ್ಟು 122 ಕೆ.ಜಿ., ಭತ್ತದ ಚೀಲಕ್ಕೆ 60 ಕೆ.ಜಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆದ್ದರಿಂದ ಕಬ್ಬಿನ ಹೊಲಕ್ಕೆ ಬಿದ್ದ ಒಂದು ಚೀಲ ಯೂರಿಯಾ ಸುಮಾರು 45 ಲೀಟರ್ ಡೀಸೆಲ್ ಉರಿಸಿದ್ದಕ್ಕೆ ಸಮ.

ಇವು ಸರಾಸರಿ ಅಂದಾಜುಗಳು. ಮಣ್ಣು, ನೀರು ಮತ್ತು ಹಾಕುವ ಕ್ರಮಕ್ಕೆ ತಕ್ಕಂತೆ ನಿಜವಾದ ಪ್ರಮಾಣ ಹೆಚ್ಚು ಕಡಿಮೆಯಾಗುತ್ತದೆ. ಗದ್ದೆ ಒಮ್ಮೆ ಒಣಗಿ ಒಮ್ಮೆ ನೆನೆಯುತ್ತಿದ್ದರೆ ನೈಟ್ರಸ್ ಆಕ್ಸೈಡ್ ಹೆಚ್ಚುತ್ತದೆ. ನಾಲೆಯ ಕೊನೆಯ ಭಾಗದಲ್ಲಿದ್ದು ನೀರು ತಡವಾಗಿ, ಬಿಟ್ಟು ಬಿಟ್ಟು ತಲುಪುವ ಊರುಗಳ ಸದಸ್ಯರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಭತ್ತದ ಗದ್ದೆಯಿಂದ ಮೀಥೇನ್ ಅನಿಲವೂ ಹೊರಬರುತ್ತದೆ. ಅದು ನಿಂತ ನೀರಿನ ಫಲವಾದ್ದರಿಂದ ಯೂರಿಯಾ ಚೀಲದ ಲೆಕ್ಕದಲ್ಲಿ ಸೇರಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಲೆಕ್ಕ ರೈತನ ಮೇಲಿನ ದೂರಲ್ಲ. ಯೂರಿಯಾ ಇಲ್ಲದೆ ಈ ಪ್ರದೇಶದ ಇಂದಿನ ಇಳುವರಿಯಿಲ್ಲ. ಅನಿಲವಾಗಿ ಹಾರಿಹೋದ ಸಾರಜನಕವು ಬೆಳೆಗೆ ಸಿಗದ ಸಾರಜನಕ. ಅಂದರೆ ರೈತ ಹಣ ಕೊಟ್ಟು ಕೊಂಡು ಕಳೆದುಕೊಂಡದ್ದು. ನೈಟ್ರೇಟ್ ಆಗಿ ಕೆಳಗಿಳಿದ ಸಾರಜನಕವು ಅಂತರ್ಜಲಕ್ಕೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಎಳೆ ಮಕ್ಕಳಿಗೆ ಇದರ ಹೆಚ್ಚಳ ಅಪಾಯಕರ. ಹೊಲದ ಪೋಲು, ಗಾಳಿಯ ಹೊರೆ ಮತ್ತು ಕೊಳವೆ ಬಾವಿಯ ನೀರು ಹೀಗೆ ಒಂದೇ ಲೆಕ್ಕದ ಮೂರು ಸಾಲುಗಳಾಗಿವೆ.

ವರದಿಯನ್ನು ಓದುವಾಗ ಕೇಳಬೇಕಾದ ಪ್ರಶ್ನೆಗಳು

ಒಂದು ಸಂಸ್ಥೆಯ ಹೊರಸೂಸುವಿಕೆ ಇಳಿದಿದೆ ಎಂಬ ಸಾಲನ್ನು ಓದಿದಾಗ, ಏತಕ್ಕೆ ಹೋಲಿಸಿ ಇಳಿದಿದೆ ಎಂಬುದನ್ನು ಮೊದಲು ನೋಡಬೇಕು. ನಮೂನೆಯು ಒಟ್ಟು ಪ್ರಮಾಣದ ಜೊತೆಗೆ, ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಎಂಬ ಅನುಪಾತವನ್ನೂ ಕೇಳುತ್ತದೆ. ಬೇರೆ ಉದ್ಯಮಗಳಲ್ಲಿ ಇದು ಉಪಯುಕ್ತವಾಗಿರಬಹುದು. ಯೂರಿಯಾದ ಮಟ್ಟಿಗೆ ಇದನ್ನು ಎಚ್ಚರದಿಂದ ಓದಬೇಕು. ರೈತ ಒಂದು ಚೀಲಕ್ಕೆ ಸುಮಾರು 266 ರೂಪಾಯಿ ಕೊಡುತ್ತಾನೆ. ಅದಕ್ಕಿಂತ ಹಲವು ಪಟ್ಟು ಮೊತ್ತವನ್ನು ಕೇಂದ್ರ ಸರ್ಕಾರ ಸಹಾಯಧನವಾಗಿ ತಯಾರಕರಿಗೆ ಕೊಡುತ್ತದೆ. ಅನಿಲದ ಬೆಲೆ ಏರಿದರೆ ಸಹಾಯಧನ ಏರುತ್ತದೆ, ಅದರೊಡನೆ ವಹಿವಾಟೂ ಏರುತ್ತದೆ. ಆಗ ಚಿಮಣಿಯಿಂದ ಒಂದು ಕೆ.ಜಿ. ಅನಿಲವೂ ಕಡಿಮೆಯಾಗದೆ ರೂಪಾಯಿಯ ಲೆಕ್ಕದಲ್ಲಿ ಮಾತ್ರ ಇಳಿಕೆ ಕಾಣುತ್ತದೆ. ಬೆಲೆ ಇಳಿದ ವರ್ಷದಲ್ಲಿ ಶ್ರದ್ಧೆಯಿಂದ ಉಳಿತಾಯ ಮಾಡಿದ ಕಾರ್ಖಾನೆಯೂ ಹಿಂದೆ ಬಿದ್ದಂತೆ ಕಾಣಬಹುದು. ಆದ್ದರಿಂದ ಒಂದು ಟನ್ ಯೂರಿಯಾಕ್ಕೆ ಎಷ್ಟು ಎಂಬ ಸಾಲೇ ನಂಬಲರ್ಹ.

ಎರಡನೆಯದು, ಒಟ್ಟು ಪ್ರಮಾಣ ಇಳಿದಿದ್ದರೆ ಆ ವರ್ಷ ಉತ್ಪಾದನೆ ಎಷ್ಟಿತ್ತು ಎಂದು ನೋಡಬೇಕು. ದುರಸ್ತಿಗಾಗಿ ಕೆಲವು ವಾರ ಕಾರ್ಖಾನೆ ನಿಂತರೂ ಒಟ್ಟು ಪ್ರಮಾಣ ಇಳಿಯುತ್ತದೆ. ಮೂರನೆಯದು, ಯೂರಿಯಾದೊಳಗೆ ಸೇರಿದ ಅನಿಲವನ್ನು ಕಳೆಯಲಾಗಿದೆಯೇ, ಕಳೆದಿದ್ದರೆ ಮೂರನೇ ವ್ಯಾಪ್ತಿಯಲ್ಲಿ ಅದನ್ನು ತೋರಿಸಲಾಗಿದೆಯೇ ಎಂದು ನೋಡಬೇಕು. ಕಳೆದದ್ದು ಕಂಡು, ಕೂಡಿಸಿದ್ದು ಕಾಣದಿದ್ದರೆ ಲೆಕ್ಕ ಅರ್ಧವಾಯಿತು. ನಾಲ್ಕನೆಯದು, ಹೊರಗಿನ ಸ್ವತಂತ್ರ ಸಂಸ್ಥೆಯಿಂದ ಪರಿಶೀಲನೆಯಾಗಿದೆಯೇ ಎಂಬ ಪ್ರಶ್ನೆಗೆ ‘ಹೌದು’ ಎಂದಿದೆಯೋ ‘ಇಲ್ಲ’ ಎಂದಿದೆಯೋ ನೋಡಬೇಕು. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಿಗೆ ಪ್ರತಿವರ್ಷ ಉತ್ತರ ಬರೆಯುವ ಪಂಚಾಯತಿಗಳಿಗೆ ಈ ಪ್ರಶ್ನೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಊರಿನ ಲೆಕ್ಕ ಊರಿನಲ್ಲಿರಬೇಕು

ಕಾರ್ಖಾನೆಯ ವರದಿಯನ್ನು ತಿದ್ದುವ ಅಧಿಕಾರ ಗ್ರಾಮ ಪಂಚಾಯತಿಗಿಲ್ಲ. ಆದರೆ ಮೂರನೇ ವ್ಯಾಪ್ತಿಯ ಹೊಲ ಪಂಚಾಯತಿಯ ಎಲ್ಲೆಯೊಳಗಿದೆ. ಕೃಷಿ, ಮಣ್ಣಿನ ಸಂರಕ್ಷಣೆ ಮತ್ತು ಕುಡಿಯುವ ನೀರು ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸೇರಿವೆ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ‘ಸ್ವಚ್ಛ ಮತ್ತು ಹಸಿರು ಗ್ರಾಮ’ ಎಂಬ ವಿಷಯವೂ ಇದೆ.

ಬೇಕಾದ ಅಂಕಿ ಅಂಶ ಈಗಾಗಲೇ ಊರಿನಲ್ಲಿದೆ. ರಸಗೊಬ್ಬರ ಮಾರಾಟ 2018ರಿಂದ ಪಿ.ಒ.ಎಸ್. ಯಂತ್ರದ ಮೂಲಕ ನಡೆಯುತ್ತಿದ್ದು, ಯಾವ ತಿಂಗಳು ಎಷ್ಟು ಚೀಲ ಮಾರಾಟವಾಯಿತೆಂಬುದು ಸಹಕಾರ ಸಂಘದಲ್ಲಿಯೂ ಅಂಗಡಿಯಲ್ಲಿಯೂ ದಾಖಲಾಗಿರುತ್ತದೆ. ಪಂಚಾಯತಿಗೆ ರೈತರ ಹೆಸರಾಗಲಿ ಆಧಾರ್ ಸಂಖ್ಯೆಯಾಗಲಿ ಬೇಡ. ತಿಂಗಳುವಾರು ಒಟ್ಟು ಚೀಲಗಳ ಸಂಖ್ಯೆ ಸಾಕು. ರೈತ ಸಂಪರ್ಕ ಕೇಂದ್ರದಿಂದ ಕಬ್ಬು ಮತ್ತು ಭತ್ತದ ವಿಸ್ತೀರ್ಣ ಪಡೆದರೆ ಉಳಿದದ್ದು ಗುಣಾಕಾರ. ಉದಾಹರಣೆಗೆ, ಒಂದು ಪಂಚಾಯತಿಯ ವ್ಯಾಪ್ತಿಯಲ್ಲಿ ವರ್ಷಕ್ಕೆ 10,000 ಚೀಲ ಬಳಕೆಯಾಗಿ, ಅರ್ಧ ಕಬ್ಬಿಗೂ ಅರ್ಧ ಭತ್ತಕ್ಕೂ ಹೋಯಿತೆಂದು ಭಾವಿಸೋಣ. ಕಬ್ಬಿನ ಪಾಲು 610 ಟನ್, ಭತ್ತದ ಪಾಲು 300 ಟನ್, ಒಟ್ಟು 910 ಟನ್. ಹತ್ತರಲ್ಲಿ ಒಂದು ಚೀಲ ಉಳಿದರೆ 91 ಟನ್ ಹೊರೆ ತಪ್ಪುತ್ತದೆ. ರೈತರ ಕೈಯಲ್ಲಿ ಸುಮಾರು 2.66 ಲಕ್ಷ ರೂಪಾಯಿ ಉಳಿಯುತ್ತದೆ.

ಇಳುವರಿ ಕುಗ್ಗದೆ ಚೀಲ ಉಳಿಸುವುದು ಸಾಧ್ಯವೇ ಎಂಬುದು ಸಹಜವಾದ ಪ್ರಶ್ನೆ. ನೀರಾವರಿ ಭತ್ತಕ್ಕೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100 ಕೆ.ಜಿ. ಸಾರಜನಕ. ಎಕರೆಗೆ ಸುಮಾರು 40 ಕೆ.ಜಿ. ಎಂದಾಯಿತು, ಪೂರ್ತಿಯಾಗಿ ಯೂರಿಯಾದಿಂದಲೇ ಕೊಟ್ಟರೂ ಎರಡು ಚೀಲ ತುಂಬುವುದಿಲ್ಲ. ಡಿ.ಎ.ಪಿ. ಅಥವಾ ಮಿಶ್ರ ಗೊಬ್ಬರ ಹಾಕಿದ್ದರೆ ಅದರಲ್ಲಿರುವ ಸಾರಜನಕವನ್ನೂ ಇದರಲ್ಲಿ ಕಳೆಯಬೇಕು. ಊರಿನ ವಿಸ್ತೀರ್ಣವನ್ನೂ ಮಾರಾಟವಾದ ಚೀಲಗಳನ್ನೂ ಪಕ್ಕಪಕ್ಕದಲ್ಲಿ ಬರೆದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಮಣ್ಣು ಆರೋಗ್ಯ ಚೀಟಿಯನ್ನು ನೋಡಿ ಪ್ರಮಾಣ ನಿರ್ಧರಿಸುವುದು, ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡುವುದು, ಗದ್ದೆಯ ನೀರನ್ನು ಬಸಿದು ಮೇಲುಗೊಬ್ಬರ ಹಾಕಿ ಅನಂತರ ನೀರು ಕಟ್ಟುವುದು, ಎಲೆಯ ಬಣ್ಣದ ಪಟ್ಟಿ ಬಳಸುವುದು, ಡಯಾಂಚ ಮತ್ತು ಅಪ್ಸೆಣಬು ಬೆಳೆದು ಮಣ್ಣಿಗೆ ಸೇರಿಸುವುದು, ಕಬ್ಬಿನ ತರಗನ್ನು ಸುಡದೆ ಹೊದಿಕೆ ಮಾಡುವುದು ಇವೆಲ್ಲ ಪರೀಕ್ಷಿಸಿ ಒಪ್ಪಿದ ಕ್ರಮಗಳು. ಮಂಡ್ಯದ ವಿ.ಸಿ. ಫಾರಂನ ವಲಯ ಕೃಷಿ ಸಂಶೋಧನಾ ಕೇಂದ್ರವು ಜಿಲ್ಲೆಯ ಮಣ್ಣಿಗೆ ತಕ್ಕ ಸಲಹೆ ನೀಡಬಲ್ಲದು.

ಈ ಲೆಕ್ಕಕ್ಕೆ ಹಣದ ಮುಖವೂ ಇದೆ. ಕೇಂದ್ರ ಸಚಿವ ಸಂಪುಟವು 2023ರ ಜೂನ್ 28ರಂದು ಒಪ್ಪಿದ ಪಿ.ಎಂ. ಪ್ರಣಾಮ್ ಯೋಜನೆಯಲ್ಲಿ, ಹಿಂದಿನ 3 ವರ್ಷಗಳ ಸರಾಸರಿಗಿಂತ ರಸಗೊಬ್ಬರ ಬಳಕೆ ತಗ್ಗಿಸಿದ ರಾಜ್ಯಕ್ಕೆ ಉಳಿದ ಸಹಾಯಧನದ ಶೇ. 50ರಷ್ಟನ್ನು ಅನುದಾನವಾಗಿ ಕೊಡುವ ಅವಕಾಶ ಕಲ್ಪಿಸಲಾಗಿತ್ತು. ತನ್ನ ಊರಿನಲ್ಲಿ ಎಷ್ಟು ಉಳಿಯಿತೆಂದು ದಾಖಲೆ ಸಮೇತ ಹೇಳಬಲ್ಲ ಪಂಚಾಯತಿಯ ಬೇಡಿಕೆಗೆ ತೂಕ ಹೆಚ್ಚು. ಕಾರ್ಬನ್ ಕ್ರೆಡಿಟ್ ಕೊಡಿಸುವುದಾಗಿ ಖಾಸಗಿಯವರು ರೈತರ ಬಳಿ ಒಪ್ಪಂದ ಪತ್ರ ತಂದರೂ ಇದೇ ಮಾತು. ಊರಿನ ಸ್ವಂತ ಲೆಕ್ಕ ಇಲ್ಲದಿದ್ದರೆ, ಬಂದವರು ಬರೆದದ್ದೇ ಲೆಕ್ಕವಾಗುತ್ತದೆ. ಸಹಿ ಮಾಡುವ ಮೊದಲು ಅವಧಿ, ಹಣದ ಪಾಲು ಮತ್ತು ಬೆಳೆ ಬದಲಿಸುವ ಸ್ವಾತಂತ್ರ್ಯದ ಬಗ್ಗೆ ಓದಿ ಹೇಳುವ ಕೆಲಸವನ್ನು ಗ್ರಾಮ ಸಭೆ ಮಾಡಬಹುದು.

ಆದುದರಿಂದ ಮುಂದಿನ ಮುಂಗಾರಿಗೆ ಮೊದಲು ಪ್ರತಿ ಗ್ರಾಮ ಪಂಚಾಯತಿಯು ಕೆಳಕಂಡ ಕ್ರಮಗಳನ್ನು ಕೈಗೊಳ್ಳಬಹುದಾಗಿದೆ:

1. ಸಹಕಾರ ಸಂಘ ಮತ್ತು ಗೊಬ್ಬರದ ಅಂಗಡಿಗಳಿಂದ ತಿಂಗಳುವಾರು ಚೀಲಗಳ ಒಟ್ಟು ಸಂಖ್ಯೆಯನ್ನು ಪಡೆದು ಒಂದು ವಹಿಯಲ್ಲಿ ದಾಖಲಿಸುವುದು.

2. ಬೆಳೆವಾರು ವಿಸ್ತೀರ್ಣವನ್ನು ಅದರ ಪಕ್ಕದಲ್ಲಿ ಬರೆದು, ಶಿಫಾರಸಿನ ಪ್ರಮಾಣದೊಡನೆ ಹೋಲಿಸಿ ಗ್ರಾಮ ಸಭೆಯಲ್ಲಿ ಓದುವುದು.

3. ಕುಡಿಯುವ ನೀರಿನ ಮೂಲಗಳ ನೈಟ್ರೇಟ್ ಪರೀಕ್ಷೆಯ ಫಲಿತಾಂಶವನ್ನು ಅದೇ ವಹಿಯಲ್ಲಿ ನಮೂದಿಸುವುದು.

4. ಜಿಲ್ಲೆಗೆ ಯೂರಿಯಾ ಪೂರೈಸುವ ತಯಾರಕರು ಹೊಲದಲ್ಲಿನ ಬಳಕೆಯ ಹೊರಸೂಸುವಿಕೆಯನ್ನೂ ವರದಿಯಲ್ಲಿ ತೋರಿಸಬೇಕು ಹಾಗೂ ಸಮರ್ಪಕ ಬಳಕೆಯ ತರಬೇತಿಯಲ್ಲಿ ಪಾಲ್ಗೊಳ್ಳಬೇಕು ಎಂಬ ನಿರ್ಣಯವನ್ನು ಕೈಗೊಂಡು ಮೇಲಿನ ಹಂತಕ್ಕೆ ಕಳುಹಿಸುವುದು.

ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಜಗತ್ತಿನ ಮುಂದೆ ಘೋಷಿಸಿದೆ. ಆ ಗುರಿಯ ಹೊರೆಯನ್ನು ಮುಂದೊಂದು ದಿನ ಹಂಚುವಾಗ, ಬರೆದ ಲೆಕ್ಕ ಇದ್ದವರು ತಮ್ಮ ಪಾಲನ್ನು ವಾದಿಸಬಲ್ಲರು. ಲೆಕ್ಕವಿಲ್ಲದವರು ಹೇರಿದಷ್ಟನ್ನು ಹೊರಬೇಕಾಗುತ್ತದೆ. ಕಾರ್ಖಾನೆ ತನ್ನ ಪುಸ್ತಕವನ್ನು ತೆರೆದಿದೆ. ಅದರಲ್ಲಿ ಖಾಲಿ ಉಳಿದಿರುವ ಅಂಕಣವನ್ನು ತುಂಬಲು ಬೇಕಾದ ಅಂಕಿಗಳು ಊರಿನ ಸಹಕಾರ ಸಂಘದ ಮೇಜಿನ ಮೇಲಿವೆ. ಸದಸ್ಯರು ಅವುಗಳನ್ನು ಕೇಳಿ ಪಡೆಯುವಂತಾಗಲಿ.